ಖಾಲಿ ವೇಬ್ರಿಡ್ಜ್ ಮೇಲೆ ಅರವತ್ತು ಕಿಲೋ

ನಂಬಿದರೆ ನಂಬಿ, ಬಿಟ್ಟರೆ ಬಿಡಿ... ಇದು ನನ್ನ ಕಣ್ಣೆದುರೇ ನಡೆದದ್ದು. ಹೇಳಿಕೊಳ್ಳಲು ಹೆದರಿಕೆಗಿಂತ ನಾಚಿಕೆಯೇ ಹೆಚ್ಚು.

ನನ್ನ ಮನೆ ದಾವಣಗೆರೆಯ ವಿದ್ಯಾನಗರದಲ್ಲಿ. ಹರಿಹರದಾಚೆಯ ಒಂದು ಅಕ್ಕಿ ಗಿರಣಿಗೆ ಕಂಪ್ಯೂಟರ್ ಕೆಲಸ ಮಾಡಿಕೊಡುತ್ತೇನೆ. ಲಾರಿ ತೂಗುವ ವೇಬ್ರಿಡ್ಜ್ ಮೇಲೆ ಭಾರ ಬಿದ್ದರೆ ಸಾಕು, ಡೇಟಾಬೇಸ್‌ನಲ್ಲಿ ಒಂದು ಎಂಟ್ರಿ. ತೂಕದ ಪಕ್ಕ ಸಮಯವೂ ತಾನಾಗಿಯೇ ದಾಖಲಾಗುತ್ತದೆ, ಯಾರೂ ಟೈಪ್ ಮಾಡುವಂತಿಲ್ಲ. ನಾನೇ ಮಾಡಿದ ಏರ್ಪಾಡು, ಭಾರೀ ಹೆಮ್ಮೆ ಬೇರೆ!

ಒಮ್ಮೆ ನೋಡಿದರೆ, ಗಿರಣಿ ಮುಚ್ಚಿದ ಮೇಲೂ ರಾತ್ರಿ ಎಂಟ್ರಿಗಳು. ಅರವತ್ತು ಕಿಲೋ. ಹಮಾಲರು ಊಟವಾದ ಮೇಲೆ ತಮಾಷೆಗೆ ಹತ್ತಿ ನಿಂತಾಗ ಬೀಳುವಂಥದ್ದು... ಮನುಷ್ಯನ ತೂಕ.

"ವಾಚ್‌ಮನ್ ಬಸಣ್ಣ ಯಾರನ್ನೋ ಒಳಗೆ ಬಿಡ್ತಾನ್ರಿ ಸಾವ್ಕಾರ್ರೇ. ಟೈಮ್ ಸುಳ್ಳು ಹೇಳಲ್ಲ" ಎಂದು ಮಾಲೀಕರ ಕಿವಿಯಲ್ಲಿ ಊದಿದೆ.

"ಒಂದ್ ರಾತ್ರಿ ಕೂತು ನೋಡು. ಖರೆ ಆದ್ರೆ ನಾಳೇನೇ ಅವನ ಕೆಲ್ಸ ಬಿಡಿಸ್ತೀನಿ" ಎಂದರು.

ಅವತ್ತು ರಾತ್ರಿ ವೇಬ್ರಿಡ್ಜ್ ರೂಮಿನಲ್ಲಿ ಬಸಣ್ಣನನ್ನು ಪಕ್ಕದಲ್ಲೇ ಕೂರಿಸಿಕೊಂಡು ಕಾದೆ. ಗೇಟಿನ ಬೀಗದ ಕೈ ನನ್ನ ಜೇಬಿನಲ್ಲಿತ್ತು.

"ನಾ ಯಾರ್ನೂ ಬಿಟ್ಟಿಲ್ರಿ ಸರ್... ಮಗಳು ಬಾಣಂತನಕ್ಕ ಬಂದಾಳೆ. ಈ ಕೆಲ್ಸ ಹೋದ್ರೆ ಹೆಂಗ್ರಿ?"

ಕಿರ್ರ್... ಹೊರಗೆ ವೇಬ್ರಿಡ್ಜಿನ ಕಬ್ಬಿಣದ ಹಲಗೆ ನರಳಿತು.

ಕಿಟಕಿಯಲ್ಲಿ ಇಣುಕಿದೆ. ಲೈಟಿನ ಬೆಳಕಿನಲ್ಲಿ ವೇಬ್ರಿಡ್ಜ್ ಖಾಲಿ, ಒಂದು ನಾಯಿಯೂ ಇಲ್ಲ. ಸ್ಕ್ರೀನ್ ಮೇಲೆ ಅಂಕಿ ಏರುತ್ತಾ ಏರುತ್ತಾ ಅರವತ್ತಕ್ಕೆ ನಿಂತಿತು. ಪಕ್ಕದಲ್ಲಿ ಆಗಿನದೇ ಸಮಯ ಬಿತ್ತು. ಹಸಿ ಗೋಣಿಚೀಲದ ವಾಸನೆ ರೂಮಿನೊಳಕ್ಕೇ ನುಗ್ಗಿತು...

ಬಸಣ್ಣ ನನ್ನ ಕೈ ಗಟ್ಟಿಯಾಗಿ ಹಿಡಿದ. "ನೋಡಿದ್ರಲ್ಲ ಸರ್... ಈಗಾದ್ರೂ ನಂಬ್ತೀರಾ?"

ಅಯ್ಯೋ ಶಿವನೇ! ಎದ್ದು ಕಿಟಕಿ ಮುಚ್ಚಿಬಿಟ್ಟೆ.

ಬೆಳಗ್ಗೆ ಮಾಲೀಕರು ಆ ಎಂಟ್ರಿ ತೋರಿಸಿ, "ಯಾರಪ್ಪಾ ಇದು?" ಎಂದರು. ಬಸಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. ಯಾರೂ ಇರಲಿಲ್ಲ ಎಂದರೆ ನನ್ನನ್ನು ಹುಚ್ಚ ಅನ್ನುತ್ತಾರೆ, ಮಷಿನ್ ಕೆಟ್ಟಿದೆ ಎಂದರೆ ನನ್ನ ಹೆಸರು ಕೆಡುತ್ತದೆ.

"ನಂಗೆ ನಿದ್ದೆ ಹತ್ತಿಬಿಟ್ಟಿತ್ರಿ" ಎಂದೆ. ಥೂ, ನನ್ನ ಜನ್ಮಕ್ಕಿಷ್ಟು!

"ಅಂದ್ರೆ ನೀ ಮಲಗಿದಾಗ ಇವನೇ ಬೀಗದ ಕೈ ತಗೊಂಡು ಯಾರ್ನೋ ಬಿಟ್ಟಾನೆ" ಎಂದು ಮಾಲೀಕರು ತೀರ್ಮಾನ ಮಾಡಿದರು. ಬಸಣ್ಣ ಟಾರ್ಚನ್ನು ಮೇಜಿನ ಮೇಲಿಟ್ಟು ಹೊರಟುಹೋದ. ನನಗೆ ಒಂದು ಬೈಗುಳವನ್ನೂ ಬೈಯಲಿಲ್ಲ.

ಈಗ ಹೊಸ ವಾಚ್‌ಮನ್ ಇದ್ದಾನೆ. ಹಲಗೆ ಹತ್ತುವುದು ಯಾರೋ, ಏನೋ... ಎಂಟ್ರಿ ಮಾತ್ರ ರಾತ್ರಿ ಬೀಳುತ್ತಲೇ ಇದೆ. ದಿನಾ ಬೆಳಗ್ಗೆ ಮಾಲೀಕರು ಬರುವ ಮುಂಚೆಯೇ ಮನೆಯ ಕಂಪ್ಯೂಟರಿನಿಂದಲೇ ಅದನ್ನು ಅಳಿಸಿಬಿಡುತ್ತೇನೆ. ಅವರ ಕಣ್ಣಿಗೆ ಬಿದ್ದರೆ, ಬಸಣ್ಣ ಹೇಳಿದ್ದು ನಿಜವೆಂದು ಗೊತ್ತಾಗಿಬಿಡುತ್ತದಲ್ಲ.