ರುಕ್ಮಿಣಿ ಕಾಕೂ ಮನೆಯ ಮೂರು ಘರ್‌ವಾಳಿಗಳು

ನನ್ನ ಹೊಟ್ಟೆಪಾಡು ಜಿರಳೆಗಳ ಮೇಲೆ ನಿಂತಿದೆ. ಅಹಮದಾಬಾದಿನಲ್ಲಿ ಮನೆಮನೆಗೆ ಕೀಟದ ಔಷಧಿ ಹೊಡೆಯುವ ಒಂದು ಕಂಪನಿಯಲ್ಲಿ ನಾನು ಸೇಲ್ಸ್‌ನವನು. ಹೃಷಿಕೇಶ ಎಂಬ ಹೆಸರು ಇಲ್ಲಿಯವರ ಬಾಯಲ್ಲಿ ಋಷಿಭಾಯ್ ಆಗಿದೆ. ಋಷಿ ಅನ್ನಿಸಿಕೊಂಡು ದಿನವಿಡೀ ಪ್ರಾಣಿಹತ್ಯೆಯ ರೇಟು ಹೇಳಿಕೊಂಡು ತಿರುಗುತ್ತೇನೆ. ಅದಕ್ಕಿಂತ ನಗೆಪಾಟಲಿನ ಸಂಗತಿಯೆಂದರೆ, ಹಲ್ಲಿ ಕಂಡರೆ ನನಗೆ ಕೈಕಾಲು ಆಡುವುದಿಲ್ಲ. ತುಮಕೂರಿನಲ್ಲಿ ನಮ್ಮಮ್ಮ, ಹಲ್ಲಿ ಮೈಮೇಲೆ ಬಿದ್ದರೆ ಮೊದಲು ತಲೆಗೆ ನೀರು ಹಾಕಿಸುತ್ತಿದ್ದಳು. ಆಮೇಲೆ ಪಂಚಾಂಗ ತೆಗೆದು ಬಲಭುಜಕ್ಕೇನು, ಎಡಭುಜಕ್ಕೇನು ಎಂದು ಫಲ ಓದುತ್ತಿದ್ದಳು. ನನ್ನ ಪಾಲಿಗೆ ಒಂದು ಸಲವೂ ಒಳ್ಳೆಯ ಫಲ ಬಂದ ನೆನಪಿಲ್ಲ.

ಇಂಥ ಶೂರನನ್ನು ಕಂಪನಿ ರುಕ್ಮಿಣಿ ಕಾಕೂ ಮನೆಗೆ ಕಳಿಸಿತು.

ಅಹಮದಾಬಾದಿನದೇ ಬಡಾವಣೆ ಬೋಪಾಲ್‌ನ ಒಂದು ವಸತಿ ಸೊಸೈಟಿಯ ಎ ಟವರ್‌ನವರು ಎಲ್ಲ ಮನೆಗಳ ಗೋಡೆಗೂ ಸ್ಪ್ರೇ ಹೊಡೆಸುವುದಕ್ಕೆ ಒಪ್ಪಿದ್ದರು. ನಮ್ಮ ಕಂಪನಿಯದೊಂದು ನಿಯಮವಿದೆ: ಟವರ್‌ನ ಪ್ರತಿಯೊಂದು ಮನೆಗೂ ಒಂದೇ ಚಿಕಿತ್ಸೆ ಆಗಬೇಕು. ಒಂದು ಮನೆ ಬಿಟ್ಟರೂ ಜಿರಳೆಗಳು ಅಲ್ಲಿ ಠಿಕಾಣಿ ಹೂಡಿ ವಾಪಸು ಬರುತ್ತವೆ, ಗ್ಯಾರಂಟಿ ಸಿಗುವುದಿಲ್ಲ. ಎಲ್ಲರೂ ಹ್ಞೂಂ ಅಂದರು. ಒಂಬತ್ತನೇ ಮಹಡಿಯ ಒಂದು ಬಾಗಿಲು ಮಾತ್ರ ಊಹ್ಞೂಂ ಅಂದಿತು.

"ನಿಮ್ಮ ಕಡೆಯ ಹೆಂಗಸು. ಭಾನುವಾರದ ಮೀಟಿಂಗ್‌ನೊಳಗೆ ನೀವೇ ಒಪ್ಪಿಸಿ," ಎಂದರು ಸೊಸೈಟಿಯ ಸೆಕ್ರೆಟರಿ ಹಸ್ಮುಖಭಾಯ್.

ಬೆಲ್ ಒತ್ತಿದೆ. ಐವತ್ತು ದಾಟಿದ, ಸೆರಗು ಸೊಂಟಕ್ಕೆ ಸಿಕ್ಕಿಸಿದ, ಕೈಗೆ ಶೇಂಗಾ ಪುಡಿ ಮೆತ್ತಿದ ಒಬ್ಬರು ಬಾಗಿಲು ತೆರೆದರು.

"ನಮಸ್ಕಾರ ಆಂಟಿ, ನಾನೂ ಕನ್ನಡದವನೇ."

"ಔಷಧ ಹೊಡ್ಯೋ ಹುಡುಗ ನೀನ ಏನು? ಬಾ ಒಳಗ. ಆಂಟಿ ಗೀಂಟಿ ಅನಬ್ಯಾಡ, ಧಾರವಾಡದಾಗ ನಾವು ಕಾಕೂ ಅಂತೀವಿ. ಆ ಡಬ್ಬಿ ಮಾತ್ರ ಹೊರಗಿಡು."

"ಇದು ಔಷಧಿ ಅಲ್ಲ ಕಾಕೂ, ನನ್ನ ಊಟದ ಡಬ್ಬಿ."

"ಹಂಗಾರ ಒಳಗ ತಾ. ಏನು ಕಟಗೊಂಡು ಬಂದೀ ನೋಡೂಣು."

ಡಬ್ಬಿ ತೆರೆದು ನೋಡಿ, ನನ್ನ ಚಿತ್ರಾನ್ನವನ್ನು ಹಾಗೇ ಮುಚ್ಚಿ, ತಟ್ಟೆಯಲ್ಲಿ ರೊಟ್ಟಿ ತಂದಿಟ್ಟರು. ನಾನು ಮೊದಲ ತುತ್ತು ಮುರಿಯುವಾಗ ಟ್ಯೂಬ್‌ಲೈಟ್ ಪಟ್ಟಿಯ ಹಿಂದಿನಿಂದ ದಪ್ಪನೆಯ ಹಲ್ಲಿಯೊಂದು ತಲೆ ಹಾಕಿತು. ಮರುಕ್ಷಣ ನಾನು ತಟ್ಟೆಯ ಸಮೇತ ಸೋಫಾದ ಮೇಲೆ ನಿಂತಿದ್ದೆ.

"ಇಳಿಯೋ ಹುಚ್ಚಾ! ಅವ ನಮ್ಮ ಬ್ರಾಂಚ್ ಮ್ಯಾನೇಜರ್. ಕುಂತಲ್ಲಿಂದ ಏಳಂಗಿಲ್ಲ, ಊಟ ತಾನ ಬಾಯಿಗೆ ಬರಬೇಕು. ಅಲ್ಲಿ ಓಡ್ಯಾಡಲಿಕ್ಕತ್ತದಲ್ಲ, ಅಕಿ ಏಜೆಂಟ್. ಕ್ಯಾಲೆಂಡರ್ ಹಿಂದ ಇನ್ನೊಬ್ಬಾಕಿ ಇದ್ದಾಳ. ಹೊಸಾಕಿ, ಟ್ರೇನಿಂಗ್ ನಡದದ."

ಈ ಹುದ್ದೆಗಳು ಬಂದದ್ದು ಅವರ ಯಜಮಾನರ ಕಡೆಯಿಂದ. ಬಾಲಕೃಷ್ಣ ಕಾಕಾ ವಿಮಾ ಕಚೇರಿಯಲ್ಲಿದ್ದಾರೆ. ಅವರ ವರ್ಗಾವಣೆಗಳ ಹಿಂದೆಯೇ ಕಾಕೂ ಗುಜರಾತಿನಲ್ಲಿ ಮನೆಯಿಂದ ಮನೆಗೆ ಹೋದವರು. ಅವರು ತಮ್ಮ ಜೀವನ ಹೇಳುವಾಗ ಇಸವಿ ಹೇಳುವುದಿಲ್ಲ. ಆ ಮನೆಯಲ್ಲಿ ಯಾವ ಹುಳ ಇತ್ತು ಅನ್ನುತ್ತಾರೆ.

ಮೊದಲಿನದು ಸೂರತ್. ಹೊಸ ಮದುವೆ, ಗಂಡ ವಾರವೆಲ್ಲ ಟೂರ್, ಓಣಿಯವರ ಮಾತು ಒಂದಕ್ಷರ ತಿಳಿಯದು. ಹಲ್ಲಿ ಕಂಡರೆ ಕಸಬರಿಗೆ ಹಿಡಿದು ಅಟ್ಟುತ್ತಿದ್ದರಂತೆ. ಒಂದು ಸಂಜೆ ಅಟ್ಟಲು ಹೋದವರು, ಅದು ದೀಪದ ಸುತ್ತ ಸೊಳ್ಳೆಗಳನ್ನು ಒಂದೊಂದಾಗಿ ಗುಳುಂ ಮಾಡುವುದನ್ನು ನೋಡುತ್ತ ನಿಂತುಬಿಟ್ಟರು. ಕಸಬರಿಗೆ ಕೈಯಲ್ಲೇ ಉಳಿಯಿತು. "ಆ ಊರಾಗ ನನ್ನ ಜೋಡಿ ಮಾತಾಡಾಕಿ ಅಕಿ ಒಬ್ಬಾಕಿನ ಇದ್ಲು ನೋಡು. ನಾ ಕನ್ನಡ, ಅಕಿ ಲೊಚ್ ಲೊಚ್. ಇಬ್ಬರಿಗೂ ಸರಿಹೋಗಿತ್ತು."

ಆಮೇಲೆ ವಡೋದರಾ. ಫತೇಗಂಜ್‌ನಲ್ಲಿ, ಹಾಸ್ಟೆಲ್ ಹುಡುಗರು ಗಲಾಟೆ ಮಾಡುವ ಒಂದು ತಿಂಡಿ ಅಂಗಡಿಯ ಮೇಲಿನ ಮನೆ. ಅಲ್ಲಿ ಕಪಾಟಿನ ಕೀಲಿತೂತಿನಲ್ಲಿ ಕಡಜವೊಂದು ಮಣ್ಣು ತಂದು ಗೂಡು ಕಟ್ಟಿತು. ಕಾಕೂನ ಕರಿಬೇವಿನ ಗಿಡದ ಕಂಬಳಿಹುಳಗಳನ್ನು ಹೊತ್ತೊಯ್ದು ಆ ತೂತಿನಲ್ಲಿ ತುರುಕಿತು. ಅದರ ಮರಿ ಹಾರಿಹೋಗುವವರೆಗೆ ಕಪಾಟು ತೆಗೆಯಕೂಡದೆಂದು ಕಾಕೂನ ಅಪ್ಪಣೆಯಾಯಿತು. ಕಾಕಾನ ಕೋಟು ಒಳಗೇ ಉಳಿಯಿತು. ದೊಡ್ಡ ಸಾಹೇಬರ ಬೀಳ್ಕೊಡುಗೆಗೆ ಅವರು ಸ್ವೆಟರ್ ಹಾಕಿಕೊಂಡು ಹೋದರು. ಮೇ ತಿಂಗಳಲ್ಲಿ.

ಕೊನೆಗೆ ಬೋಪಾಲ್. ಹೊಸ ಟವರ್, ಹೊಸ ಬಣ್ಣ, ಒಂದು ಇರುವೆಯೂ ಇಲ್ಲ. ಬಂದವರೆಲ್ಲ ಎಷ್ಟು ಸ್ವಚ್ಛ ಎಂದು ಹೊಗಳುತ್ತಿದ್ದರೆ ಕಾಕೂಗೆ ಸಂಜೆ ಕಳೆಯುವುದೇ ಕಷ್ಟವಾಯಿತು. "ಗ್ವಾಡಿಗೆ ಜೀವಾನ ಇರಲಿಲ್ಲೋ ತಮ್ಮಾ." ಕಡೆಗೆ ನರ್ಸರಿಯಿಂದ ತಂದ ದಾಸವಾಳದ ಕುಂಡದಿಂದ ಒಂದು ಮರಿಹಲ್ಲಿ ಇಳಿದು ಗೋಡೆ ಹತ್ತಿತು. ಕಾಕೂ ಕೂಡಲೇ ಆಫೀಸಿಗೆ ಫೋನ್ ಮಾಡಿ "ಬಂದಾಳ್ರೀ!" ಅಂದರಂತೆ. ಊರಿನಿಂದ ಯಾರೋ ಬಂದಿದ್ದಾರೆಂದು ಕಾಕಾ ಬರುವಾಗ ಸ್ವೀಟ್ ತಂದರು. ಈಗ ದಾಸವಾಳಕ್ಕೆ ಗಿಡಹೇನು ಹತ್ತಿದರೆ ಗುಲಗಂಜಿ ಹುಳುಗಳು ಬಂದು ತಿನ್ನುತ್ತವೆ, ಬಚ್ಚಲ ಮೂಲೆಯಲ್ಲಿ ಜೇಡವಿದೆ, ಕಾಕೂ ಅದನ್ನು ಬಿಟ್ಟು ಸುತ್ತಲೂ ಗುಡಿಸುತ್ತಾರೆ.

ನಾನು ಕೆಲಸದ ಮಾತಿಗೆ ಬಂದೆ. "ಕಾಕೂ, ಸ್ಪ್ರೇಯಿಂದ ಹಲ್ಲಿಗೆ ಏನೂ ಆಗಲ್ಲ."

"ನಿನ್ನ ಔಷಧ ಕುಡದ ಹುಳಾನ ಇವು ತಿಂತಾವ. ಆಮ್ಯಾಲ?"

ಇದಕ್ಕೆ ಉತ್ತರ ನನಗೆ ಗೊತ್ತಿತ್ತು. ಅದನ್ನು ಗಿರಾಕಿಗೆ ಹೇಳುವುದು ಮಾತ್ರ ನಮ್ಮ ತರಬೇತಿಯಲ್ಲಿರಲಿಲ್ಲ. "ಸಾಯಲ್ಲ ಕಾಕೂ, ಓಡಿಹೋಗ್ತವೆ ಅಷ್ಟೆ."

"ಒಂಬತ್ತನೇ ಮಾಳಿಗಿಂದ ಎಲ್ಲಿಗೆ ಓಡ್ತಾವೋ, ಲಿಫ್ಟಿನ್ಯಾಗ? ಕೇಳಿಲ್ಲೆ. ಜಿರಳಿ ನನಗೂ ಬ್ಯಾಡ. ಸಿಂಕಿನ ಕೆಳಗ ಅದೇನೋ ಪೇಸ್ಟ್ ಹಚ್ತಾರಲ್ಲ, ಬೇಕಾದ್ರ ಹಚ್ಚಿ ಹೋಗು, ಅಲ್ಲಿಗೆ ಇವು ಹೋಗಂಗಿಲ್ಲ. ಗ್ವಾಡಿಗೆ ಕೈ ಹಚ್ಚಲಿಕ್ಕೆ ಬಿಡಂಗಿಲ್ಲ. ನನ್ನ ಮೂರೂ ಉಳೀಬೇಕು."

ಒಳಕೋಣೆಯಿಂದ ಕಾಕಾ ಕೂಗಿ ಹೇಳಿದರು: "ಮದುವಿ ಆದಾಗಿಂದ ನಾನ ಗೆದ್ದಿಲ್ಲ ತಮ್ಮಾ. ನೀ ರೊಟ್ಟಿ ತಿಂದು ಹೋಗು."

ಭಾನುವಾರ ಪಾರ್ಕಿಂಗ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಮೀಟಿಂಗ್ ನಡೆಯಿತು. ಹಸ್ಮುಖಭಾಯ್ ಎದ್ದು, ಒಬ್ಬರ ಹಟಕ್ಕೆ ಇಡೀ ಟವರ್ ಜಿರಳೆ ಸಾಕಲಾಗದು, ಸೋಮವಾರ ಎಲ್ಲರೂ ಬಾಗಿಲು ತೆರೆಯಲೇಬೇಕು ಎಂದರು. ಕಾಕೂ ಎದ್ದು ನಿಂತರು. ತರಕಾರಿ ಗಾಡಿಯವರ ಹತ್ತಿರ ಕಲಿತ ಗುಜರಾತಿಯಲ್ಲಿ, ಗಟ್ಟಿಯಾಗಿ ಹೇಳಿದರು:

"ಮಾರಾ ಘರ್ ಮಾ ತ್ರಣ್ ಘರ್‌ವಾಳಿ ಛೇ. ಕೋಈನೇ ಮಾರ್ವಾ ನಹೀ ದಉಂ!"

ಕುರ್ಚಿಗಳೆಲ್ಲ ಕಾಕಾನ ಕಡೆ ತಿರುಗಿದವು. ಗುಜರಾತಿಯಲ್ಲಿ ಹಲ್ಲಿಗೆ ಗರೋಳಿ ಅನ್ನುತ್ತಾರೆ. ಘರ್‌ವಾಳಿ ಅಂದರೆ ಹೆಂಡತಿ. ನಮ್ಮ ಮನೆಯಲ್ಲಿ ಮೂವರು ಹೆಂಡತಿಯರಿದ್ದಾರೆ, ಕೊಲ್ಲಲು ಯಾರನ್ನೂ ಬಿಡುವುದಿಲ್ಲ ಎಂದು ಕಾಕೂ ಸಾರಿದ್ದರು. ಯಾರೋ "ಬಾಲ್‌ಕೃಷ್ಣಭಾಯ್, ಮೂರಾ? ಹೇಗೆ ನಿಭಾಯಿಸುತ್ತೀರಿ?" ಅಂದದ್ದೇ ತಡ, ನಗು ಸಿಡಿಯಿತು. ಕಾಕಾ ಚಪ್ಪಲಿ ನೋಡುತ್ತ ಕೂತರು.

"ಕಾಕೂ, ಗರೋಳಿ, ಗರೋಳಿ," ಎಂದು ಹಿಂದಿನ ಕುರ್ಚಿಯಿಂದ ಪಿಸುಗುಟ್ಟಿದೆ. ಅವರಿಗೆ ಅರ್ಥವಾಯಿತು. ಕಿವಿ ಕೆಂಪಾಯಿತು. ಇನ್ನು ಕೂತುಬಿಡುತ್ತಾರೆ ಅಂದುಕೊಂಡೆ. ನಾನಾಗಿದ್ದರೆ ಕೂರುವುದಿರಲಿ, ಮನೆ ಖಾಲಿ ಮಾಡುತ್ತಿದ್ದೆ.

ಕಾಕೂ ನಗು ಇಳಿಯುವವರೆಗೆ ನಿಂತೇ ಇದ್ದರು. ಆಮೇಲೆ ಹಿಂದಿ, ಗುಜರಾತಿ, ನಡುನಡುವೆ ಧಾರವಾಡ ಕಲಸಿ ಮಾತಾಡಿದರು. ಅದರ ತಾತ್ಪರ್ಯ ಇಷ್ಟು: "ಆತು, ನಾಲಿಗಿ ತಪ್ಪಿತು. ಆದ್ರ ಮಾತು ತಪ್ಪಲ್ಲ. ನಾ ಊರಿಗೆ ಹೋದಾಗ ಮನಿ ಕಾಯೋರು ಅವರ. ಸೊಳ್ಳಿ ಹಿಡಿಯೋರು ಅವರ. ಪಗಾರಿಲ್ಲ, ರಜಾ ಇಲ್ಲ, ಉಪಕಾರ ಅಂದವರಿಲ್ಲ. ಇದಕ್ಕ ಘರ್‌ವಾಳಿ ಅನ್ನದ ಇನ್ನೇನಂತೀರಿ? ಇಂಥಾಕಿ ನಿಮ್ಮ ಮನ್ಯಾಗೂ ಇದ್ದಾಳಲ್ಲ ಹಸ್ಮುಖಭಾಯ್, ಅಕಿಗೂ ಸ್ಪ್ರೇ ಹೊಡಿತೀರೇನು?"

ಹೆಂಗಸರ ಸಾಲಿನಿಂದ ಚಪ್ಪಾಳೆ ಬಂತು. ಹಸ್ಮುಖಭಾಯ್ ಅವರ ಹೆಂಡತಿ ಫಾಲ್ಗುಣಿಬೆನ್ ಗಂಡನ ಕಡೆ ತಿರುಗಿ, "ಬೋಲೋ, ಜವಾಬ್ ಆಪೋ!" ಎಂದು ಉತ್ತರ ಕೇಳಿದರು.

ಪಾಪ, ಹಸ್ಮುಖಭಾಯ್ ನನ್ನ ಕಡೆ ತಿರುಗಿದರು. "ಋಷಿಭಾಯ್, ಒಂದು ಮನೆ ಬಿಟ್ಟರೆ ಗ್ಯಾರಂಟಿ?"

"ಇಲ್ಲ" ಅನ್ನುವುದಕ್ಕೇ ನನಗೆ ಸಂಬಳ. ಕಾಕೂ ನನ್ನನ್ನೇ ನೋಡುತ್ತಿದ್ದರು. ಬೇಡಿಕೆಯಿಲ್ಲ, ಸಿಟ್ಟೂ ಇಲ್ಲ. ಹೊಸ ಹಲ್ಲಿ ಮೊದಲ ಸೊಳ್ಳೆ ಹಿಡಿಯುತ್ತದೋ ಇಲ್ಲವೋ ಎಂದು ಕಾಯುವವರ ಹಾಗೆ.

"ಒಂದು ಮನೆ ಬಿಡೋ ಹಾಗಿಲ್ಲ," ಅಂದೆ. "ಎಲ್ಲ ಮನೆಗೂ ಒಂದೇ ಚಿಕಿತ್ಸೆ ಆಗಬೇಕು. ಅದಕ್ಕೇ ಯಾರ ಗೋಡೆಗೂ ಸ್ಪ್ರೇ ಬೇಡ. ಎಲ್ಲರ ಸಿಂಕಿಗೂ, ಗಟಾರಕ್ಕೂ ಪೇಸ್ಟ್ ಮಾತ್ರ. ಗ್ಯಾರಂಟಿ ನಮ್ಮದು."

ಇಂಥ ಯೋಜನೆ ನಮ್ಮ ಕಂಪನಿಯಲ್ಲಿ ಇರಲಿಲ್ಲ. ಆ ಕುರ್ಚಿಯಿಂದ ಏಳುವಾಗ ಹುಟ್ಟಿದ್ದು. ಟವರ್ ಒಪ್ಪಿತು. ಮರುದಿನ ಬಾಸ್ ಮುಂದೆ ನಿಂತಾಗ ಅವರು ಕೇಳಿದರು: "ಸ್ಪ್ರೇ ಮಾರಲು ಹೋಗಿ ಟೂತ್‌ಪೇಸ್ಟ್ ಮಾರಿ ಬಂದೆಯಾ?" ಜಿರಳೆ ಮತ್ತೆ ಬಂದರೆ ನಾನೇ ರಜಾದಿನ ಹೋಗಿ ಹಿಡಿಯುತ್ತೇನೆ ಎಂದೆ. ಅವರು, "ಹಿಡಿಯಬೇಕಾಗುತ್ತದೆ" ಎಂದರು.

ಪೇಸ್ಟ್ ಹಚ್ಚುವ ದಿನ ನಾನೂ ಹೋದೆ. ನಮ್ಮ ಕೆಲಸಗಾರ ಸಿಂಕಿನ ಕೆಳಗೆ ಕೂತಿದ್ದಷ್ಟು ಹೊತ್ತೂ ಕಾಕೂ ಲಟ್ಟಣಿಗೆ ಹಿಡಿದು ಹಾಲ್‌ನ ಬಾಗಿಲಲ್ಲಿ ನಿಂತಿದ್ದರು. ಅವನು ಹೋದ ಮೇಲೆ ಗೋಡೆಗಳನ್ನೊಮ್ಮೆ ನೋಡಿಕೊಂಡು ಬಂದರು. ಮೂರೂ ಇದ್ದವು. ನನಗೆ ಚಹಾ ಕೊಟ್ಟು ಬಾಲ್ಕನಿಗೆ ಹೋದವರು ಅಲ್ಲಿಂದಲೇ ಕರೆದರು.

ಎದುರಿನ ಬಿ ಟವರ್‌ನ ಕೆಳಗೆ ಮುಖಕ್ಕೆ ಮಾಸ್ಕ್ ಕಟ್ಟಿದ ಇಬ್ಬರು ಟೆಂಪೋದಿಂದ ಸ್ಪ್ರೇ ಕ್ಯಾನುಗಳನ್ನು ಇಳಿಸುತ್ತಿದ್ದರು.

"ನಿಮ್ಮ ಮಂದಿ ಏನು?"

"ಅಲ್ಲ ಕಾಕೂ, ಬೇರೆ ಕಂಪನಿ. ಬೇರೆ ಟವರ್. ಅವರ ಸೆಕ್ರೆಟರಿಯೂ ಬೇರೆ. ನಮಗ್ಯಾಕೆ?"

"ಕಂಪೌಂಡ್ ಒಂದ, ಪೈಪ್ ಒಂದ. ಹಲ್ಲಿಗೆ ಎ, ಬಿ ಓದಲಿಕ್ಕೆ ಬರ್ತದೇನು?"

ಕಾಕೂ ಗ್ಯಾಸ್ ಆರಿಸಿದರು, ಸೆರಗು ಸರಿಮಾಡಿಕೊಂಡರು, ಚಪ್ಪಲಿ ಮೆಟ್ಟಿದರು. "ಕಪ್ಪು ಅಲ್ಲೇ ಇಡು. ನಡಿ."

ನಾನು ಲಿಫ್ಟಿನ ಗುಂಡಿ ಒತ್ತಿದೆ. ಲಿಫ್ಟು ತಳದಲ್ಲೆಲ್ಲೋ ಇತ್ತು. ಅದಕ್ಕೆ ಕಾಯದೆ ಕಾಕೂ ಆಗಲೇ ಮೆಟ್ಟಿಲಿಳಿಯಲು ಶುರುಮಾಡಿದ್ದರು.