ನೆಲಮಾಳಿಗೆಯ ತಲೆ ಎಣಿಕೆ

ನಮ್ಮಣ್ಣನಿಗೆ ಊರವರಿಟ್ಟ ಹೆಸರು ಗೋರಿ ಮೇಷ್ಟ್ರು. ಮೇಷ್ಟ್ರಿಕೆ ಆ ಪುಣ್ಯಾತ್ಮನಿಗೆ ಏಳು ಜನ್ಮಕ್ಕೂ ಗೊತ್ತಿಲ್ಲ. ಪ್ರವಾಸಿಗಳಿಗೆ ಹಳೇ ದೇಗುಲ, ಗಂಟೆ ಗೋಪುರ, ಮುರಿದ ಕೋಟೆಬಾಗಿಲು ಎಲ್ಲ ತೋರಿಸಿ, ಕೊನೆಗೆ ರಾಜರನ್ನು ಹೂತ ನೆಲಮಾಳಿಗೆಗೆ ಇಳಿಸುವ ಗೈಡು ಅವನು. ಮೂವತ್ತು ವರ್ಷದಿಂದ ಅದೇ ಕಥೆ, ಅದೇ ಕೆಮ್ಮು, ಅದೇ ಹಳಸಲು ಜೋಕು. ನಾನು ಬಾಗಿಲಲ್ಲಿ ಕೂತು ಟಿಕೆಟ್ ಹರಿಯುವವಳು.

ಕೆಳಗೆ ನಲವತ್ತು ಮೆಟ್ಟಿಲು. ಹೆಚ್ಚು ಬೆಳಕು ಬಿದ್ದರೆ ಗೋಡೆಯ ಚಿತ್ರ ಹಾಳಾಗುತ್ತದಂತೆ, ಅದಕ್ಕೆ ಒಂದೇ ಲಾಟೀನು. ಮೇಲೆ ಹತ್ತುವ ಮೊದಲು ಎಲ್ಲರೂ ಸರದಿಯಂತೆ ಒಂದು, ಎರಡು ಅಂತ ಕೂಗಬೇಕು. ಗೈಡು ತನ್ನನ್ನೂ ತನ್ನ ಮನೆಯವರನ್ನೂ ಎಣಿಸುವ ಹಾಗಿಲ್ಲ, ಟಿಕೆಟ್ಟಿಗೆ ತಾಳೆಯಾಗಬೇಕಲ್ಲ. ಅದು ಅಪ್ಪ ಗೈಡಾಗಿದ್ದ ಕಾಲದ ಪದ್ಧತಿ.

ಆ ಹಾಳು ಪದ್ಧತಿಯಿಂದಲೇ ನಾನು ಕೆಟ್ಟೆ. ಏಳು ವರ್ಷದವಳಿದ್ದಾಗ ಅಪ್ಪನ ಹಿಂದೆ ಇಳಿದಿದ್ದೆ. ಒಂಬತ್ತು ಟಿಕೆಟ್, ಒಂಬತ್ತು ಕೂಗು. ಅಪ್ಪ ಬೀಗ ಜಡಿದು ಹೋದ. ಅಜ್ಜಿ ಮನೆಗೆ ಓಡಿರಬೇಕು ಅಂತ ಎಲ್ಲರೂ ಅಂದುಕೊಂಡರು. ಮರುದಿನ ಬಾಗಿಲು ತೆಗೆದಾಗ ನಾನು ಗೋರಿಗಳ ಸಂದಿಯಲ್ಲಿ ಕೂತು "ಹತ್ತು, ಹತ್ತು" ಅನ್ನುತ್ತಿದ್ದೆನಂತೆ. ಆಮೇಲೆ ಒಂದು ಮೆಟ್ಟಿಲೂ ಇಳಿದವಳಲ್ಲ. ಯಾರು ಮಾತಾಡಿಸಿದರೂ ಸಿಡುಕುತ್ತೇನೆ, ದೀಪ ಉರಿಸಿಕೊಂಡೇ ಮಲಗುತ್ತೇನೆ. ಮಗಳು ಪೂರ್ತಿ ವಾಪಸ್ ಬರಲೇ ಇಲ್ಲ ಅಂತ ಅಮ್ಮ ಸಾಯುವವರೆಗೂ ಅತ್ತಳು.

ಮೊನ್ನೆ, ಗೋಡೆ ಬಿರುಕು ಬಿಟ್ಟಿದೆ, ಮಾರನೇ ದಿನವೇ ಮೆಟ್ಟಿಲಿಗೆ ಇಟ್ಟಿಗೆ ಕಟ್ಟಿ ಮುಚ್ಚಿ ಅಂತ ಆದೇಶ ಬಂತು. ಸಂಜೆ ಐದಕ್ಕೆ ಕೊನೆಯ ತಂಡ ಮೇಲೆ ಬಂತು, ಒಂಬತ್ತು ಜನ. ಅವರು ಹೋದ ಮೇಲೂ ಅಣ್ಣ ಕದಲಲಿಲ್ಲ. ಮುಖ ಬಿಳಿಚಿಕೊಂಡಿತ್ತು.

"ಹತ್ತು ಅಂತ ಕೇಳಿಸ್ತು ಕಣೇ."

"ನಿನ್ನನ್ನೇ ಎಣಿಸ್ಕೊಂಡಿರ್ತೀಯ. ಅರಳು ಮರಳು ನಿಂಗೆ."

"ಚಿಕ್ಕ ಹುಡುಗಿ ದನಿ. ಒಂಬತ್ತು ಜನ ಇಳಿದಾಗಲೆಲ್ಲ ಕೇಳಿಸುತ್ತೆ, ಮೂವತ್ತು ವರ್ಷದಿಂದ. ನಿನ್ನದೇ ದನಿ. ನಾನು ಕರೆದ್ರೆ ಬರಲ್ಲ. ನಾಳೆ ಮುಚ್ಚಿಬಿಟ್ರೆ..."

ನನಗೆ ಕೋಪ ನೆತ್ತಿಗೇರಿತು. "ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ, ಪಾಪಿ!" ಅಂತ ಬೈದೆ. ಬೈಯುತ್ತಲೇ ಲಾಟೀನು ಕಿತ್ತುಕೊಂಡು ಇಳಿದೆ. ಹತ್ತನೇ ಮೆಟ್ಟಿಲಲ್ಲಿ ಕೂತುಬಿಟ್ಟೆ, ಅಣ್ಣ ರಟ್ಟೆ ಹಿಡಿದು ಎಬ್ಬಿಸಿದ.

ಕೆಳಗೆ ಹೋದ ಮೇಲೆ, ಅವತ್ತಿನ ಹಾಗೇ ಕತ್ತಲಿರಲಿ ಅಂತ ಅವನು ದೀಪ ಆರಿಸಿದ. ಜೀವನದಲ್ಲಿ ಮೊದಲ ಸಲ ತನ್ನನ್ನು ತಾನೇ ಎಣಿಸಿದ. "ಒಂದು."

"ಎರಡು," ಅಂದೆ.

ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ ನನ್ನ ಸೊಂಟದ ಎತ್ತರದಲ್ಲಿ, ತೀರಾ ಹತ್ತಿರ, "ಹತ್ತು."

ಅಯ್ಯೋ, ಇನ್ನೂ ಅದೇ ಸರದಿಯಲ್ಲಿ ನಿಂತಿದ್ದಾಳೆ. ಅಳು ಒತ್ತರಿಸಿಕೊಂಡು ಬಂತು. "ಮೂರು ಅನ್ನು ಪೆದ್ದೀ. ಬಾ, ಮನೆಗೆ ಹೋಗೋಣ," ಅಂತ ಕೈ ಚಾಚಿದೆ. ಪುಟ್ಟ ಬೆರಳುಗಳು ಸಿಕ್ಕವು, ಕಲ್ಲಿನಷ್ಟು ತಣ್ಣಗೆ.

ಮೇಲೆ ಬೆಳಕಲ್ಲಿ ನೋಡಿದರೆ ಕೈ ಖಾಲಿ. ಅಣ್ಣ ಬೀಗ ಹಿಡಿದು, "ಎಷ್ಟು ಜನ?" ಅಂದ.

"ಮೂರು," ಅಂದೆ. ಅವನು ಬೀಗ ಹಾಕಿದ.

ಅವತ್ತು ದೀಪ ಆರಿಸಿ ಮಲಗಿದೆ. ಬೆಳಗಾಗುವವರೆಗೂ ಯಾರೋ ನನ್ನ ಸೆರಗು ಹಿಡಿದೇ ಇದ್ದರು. ನಾನು ಬಿಡಿಸಿಕೊಳ್ಳಲಿಲ್ಲ.