ಪೆಡಲ್ ಹಿಡಿದ ಮಾತು

ಪಿಯಾನೊ ಮೇಷ್ಟ್ರಿಗೆ ಹೋಟೆಲಿನ ಹಜಾರದಲ್ಲಿ, ಕಾಫಿ ಕುಡಿಯುವವರ ಬೆನ್ನಿಗೆ ಪಿಯಾನೊ ನುಡಿಸುವ ಕೆಲಸ. ಅದನ್ನು ಮ್ಯಾನೇಜರನ ಬೆನ್ನು ಬಿದ್ದು ಕೊಡಿಸಿದವಳು ಅವರ ಅಕ್ಕ; ಅದೇ ಹೋಟೆಲಿನ ನೆಲಮಾಳಿಗೆಯಲ್ಲಿ ಹಾಸಿಗೆಬಟ್ಟೆ ಇಸ್ತ್ರಿ ಮಾಡುವವಳು. ಇದನ್ನು ಮೇಷ್ಟ್ರು ಯಾರ ಹತ್ತಿರವೂ ಬಾಯಿ ಬಿಟ್ಟವರಲ್ಲ. ಲ್ಯಾಪ್‌ಟಾಪ್ ಕೊಂಡು, ಪಿಯಾನೊ ಜೊತೆ ಎಲೆಕ್ಟ್ರಾನಿಕ್ ನಾದ ಬೆರೆಸಿ ‘ಸಂಯೋಜಕ’ರಾದ ಮೇಲಂತೂ ಕೇಳಲೇಬೇಡಿ. ಸಂಯೋಜಕನಿಗೆ ಏಕಾಂತ ಇರಬೇಕು, ಅಷ್ಟಿಷ್ಟು ಗಡ್ಡ ಇರಬೇಕು. ಇಸ್ತ್ರಿ ಮಾಡುವ ಅಕ್ಕ ಇರಬೇಕೆಂದು ಅವರು ಎಲ್ಲೂ ಓದಿರಲಿಲ್ಲ.

ಅವರ ವಿದ್ಯೆ ಹೀಗೆ: ಪಿಯಾನೊದ ಹೊಟ್ಟೆಯೊಳಗೇ ಮೈಕು ಇಡುತ್ತಾರೆ, ನುಡಿಸುವವರ ಉಸಿರೂ ಕೇಳಲಿ ಎಂದು. ಲ್ಯಾಪ್‌ಟಾಪಿಗೆ ಜೋಡಿಸಿದ ಕಾಲಡಿಯ ಪೆಡಲ್ ಒತ್ತಿ ಹಿಡಿದರೆ ಯಂತ್ರ ಆ ಕ್ಷಣದ ಸದ್ದನ್ನು ಹಿಡಿದು, ಎಳೆದು, ಮಂಜಿನ ಹಾಗೆ ಮತ್ತೆ ಮತ್ತೆ ತೇಲಿಬಿಡುತ್ತದೆ. ಅದರ ಮೇಲೆ ಇವರು ಕಣ್ಣು ಮುಚ್ಚಿ ಒಂದೊಂದೇ ಸ್ವರ ಉದುರಿಸುತ್ತಾರೆ.

ಅವತ್ತು ಊರಿನ ಸಂಗೀತ ಸಭೆಯಲ್ಲಿ ಅವರ ಮೊದಲ ಕಛೇರಿ. ಪೆಡಲ್ ಒತ್ತಿ ಮೊದಲ ಸ್ವರಗುಚ್ಛ ನುಡಿಸಿದರು. ಸಭೆ ಉಸಿರು ಬಿಗಿಹಿಡಿಯಿತು. ಆಗ ಮುಂದಿನ ಸಾಲಿನಿಂದ, ಕೆಲಸದ ಅಂಗಿಯಲ್ಲೇ ಬಂದಿದ್ದ ಅಕ್ಕ ಕೈಬೀಸಿದಳು.

“ಲೋ ಪುಟ್ಟಾ! ಏನಾದ್ರೂ ತಿಂದ್ಯೇನೋ?”

ನಾಲ್ಕು ಜನ ಕಿಸಕ್ಕೆಂದರು. ಪಕ್ಕದಲ್ಲಿದ್ದ ಸೌಂಡಿನವನು ಯಾರೆಂಬಂತೆ ಹುಬ್ಬೇರಿಸಿದ.

“ಯಾರೋ… ನನಗೆ ಗೊತ್ತಿಲ್ಲ,” ಎಂದರು ಮೇಷ್ಟ್ರು, ಪಿಯಾನೊ ಮೇಲೆ ಬಗ್ಗಿ, ಉಸಿರಿನಲ್ಲೇ.

ಪೆಡಲ್ ಇನ್ನೂ ಕಾಲಡಿಯಲ್ಲೇ ಇತ್ತು. ಎರಡೇ ಕ್ಷಣದಲ್ಲಿ ಆ ಮಾತು ಸ್ಪೀಕರುಗಳಿಂದ ಇಳಿದುಬಂತು. ಯಾರೋ… ನನಗೆ ಗೊತ್ತಿಲ್ಲ. ಗವಿಯೊಳಗಿಂದ ಬಂದಂತೆ, ಪಿಯಾನೊದ ಗುಂಗಿನಲ್ಲಿ ಅದ್ದಿದಂತೆ. ಮೇಷ್ಟ್ರ ಕಿವಿ ಕೆಂಡವಾಯಿತು. ಕಾಲು ತೆಗೆದಿದ್ದರೆ ಎಲ್ಲ ನಿಲ್ಲುತ್ತಿತ್ತು. ಆದರೆ ಸಭಿಕರು ಕಣ್ಣು ಮುಚ್ಚಿ ತಲೆದೂಗತೊಡಗಿದ್ದರು! ಕಾಲು ಮೇಲೇಳಲಿಲ್ಲ. ಕೃತಿ ಮುಗಿಯುವವರೆಗೂ ಅಕ್ಕನ ಎದುರಿಗೇ ಅಕ್ಕ ‘ಯಾರೋ’ ಆಗುತ್ತಲೇ ಇದ್ದಳು, ಮೇಷ್ಟ್ರು ಅದಕ್ಕೆ ಒಪ್ಪುವ ಸ್ವರ ಹುಡುಕಿ ಹುಡುಕಿ ಸೇರಿಸುತ್ತಲೇ ಇದ್ದರು.

ಚಪ್ಪಾಳೆ ಮುಗಿದ ಮೇಲೆ ಅವಳು ವೇದಿಕೆ ಹತ್ತಿ ಬಂದಳು.

“ಚೆನ್ನಾಗಿತ್ತು ಕಣೋ. ಆದ್ರೆ ಅದೆಷ್ಟು ಸಲ ಹೇಳ್ತೀಯೋ ಮಾರಾಯಾ? ನಂಗೆ ಮೊದಲ್ನೇ ಸಲಕ್ಕೇ ಅರ್ಥ ಆಗಿತ್ತು.”

“ಅಕ್ಕಾ, ಅದು…”

ಅಷ್ಟರಲ್ಲಿ ಸಂಗೀತ ಸಭೆಯ ಕಾರ್ಯದರ್ಶಿ ಓಡಿಬಂದರು. “ಅದ್ಭುತ ಸಾರ್! ‘ಯಾರೋ, ನನಗೆ ಗೊತ್ತಿಲ್ಲ’! ಇಡೀ ಬದುಕನ್ನ ಮೂರು ಮಾತಲ್ಲಿ ಇಟ್ಬಿಟ್ರಲ್ಲ!”

“ಅದು ತತ್ವ ಅಲ್ಲ ಸಾರ್,” ಎಂದರು ಮೇಷ್ಟ್ರು. “ಸುಳ್ಳು. ಇವಳು ನನ್ನ ಅಕ್ಕ. ಇವಳನ್ನೇ ಹಾಗಂದೆ. ಬೇಕೂಂತಲೇ.”

ಕಾರ್ಯದರ್ಶಿಗಳ ಕಣ್ಣು ತುಂಬಿಬಂತು. “ಎಂಥಾ ವಿನಯ! ಅಕ್ಕನಿಗೇ ಅರ್ಪಣೆ ಅನ್ನಿ! ಯಾರ್ರೀ ಅಲ್ಲಿ, ಒಂದು ಫೋಟೋ ತೆಗೀರಿ!”

ಇಬ್ಬರನ್ನೂ ಪಿಯಾನೊ ಪಕ್ಕ ನಿಲ್ಲಿಸಿದರು. ಮೇಷ್ಟ್ರು ತಮ್ಮ ಬೂಟು ನೋಡುತ್ತ ನಿಂತರು.

“ತಲೆ ಎತ್ತೋ, ಅವ್ರು ಕಾಯ್ತಿದಾರೆ,” ಎಂದಳು ಅಕ್ಕ, ಕ್ಯಾಮೆರಾ ಕಡೆಯೇ ನೋಡುತ್ತ.